‘ಬೇಡ’ ಎನ್ನುವಾಗಲೂ ಪ್ರೀತಿಯಿರಲಿ



ನಮ್ಮ ಧರ್ಮಕೇಂದ್ರದ ಹಿರಿಯ ದಂಪತಿಗಳನ್ನು ಅವರ ಮಗ ಹಡಗಿನ ವಿಹಾರಕ್ಕೆ ಕರೆದೊಯ್ದಿದ್ದ. ಸಮುದ್ರ, ತಂಗಾಳಿ, ವಿಶ್ರಾಂತಿ: ದುಡಿದು ದಣಿದ ಜೀವಗಳಿಗೆ ಅದು ದೇವರ ಕೊಡುಗೆಯೇ ಸರಿ. ಟರ್ಕಿಯ ಕುಶಾದಸಿ ಬಂದರಿನಲ್ಲಿ ಇಳಿದು, ಸುಮಾರು 20 ಕಿ.ಮೀ. ದೂರದ ಎಫೆಸವನ್ನೂ, ಮಾತೆ ಮರಿಯಮ್ಮನವರು ಬಾಳಿದರೆಂದು ಭಕ್ತರು ನಂಬುವ ಮನೆಯನ್ನೂ ಕಂಡು ಬಂದರು.

“ಎಲ್ಲವೂ ಚೆನ್ನಾಗಿತ್ತು ಫಾದರ್, ಆದರೆ ಆ ವ್ಯಾಪಾರಿಗಳ ಕಾಟ! ಶಾಲು, ಮಣಿಸರ, ಗಡಿಯಾರ ಹಿಡಿದು ಬೆನ್ನು ಬಿಡುವುದಿಲ್ಲ. ಎಫೆಸದ ಬಾಗಿಲಲ್ಲಿ ಒಬ್ಬ ಮುದುಕನನ್ನು ಗದರಿಬಿಟ್ಟೆ. ಆಮೇಲೆ ಅಮ್ಮನವರ ಮನೆಯಲ್ಲಿ ಮೊಣಕಾಲೂರಿದರೆ ಪ್ರಾರ್ಥನೆಯೇ ಬರಲಿಲ್ಲ” ಎಂದರು ಆ ತಾಯಿ.

ಎಫೆಸಕ್ಕೆ ಈ ವ್ಯಾಪಾರ ಹೊಸದಲ್ಲ. ಪ್ರೇಷಿತರ ಕಾರ್ಯಕಲಾಪಗಳು 19ನೇ ಅಧ್ಯಾಯವನ್ನು ಓದಿ. ಅರ್ತೆಮಿ ದೇವತೆಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದ ದೆಮೇತ್ರಿಯನು, ಸಂತ ಪೌಲರ ಬೋಧನೆಯಿಂದ ತನ್ನ ಲಾಭಕ್ಕೆ ಕುತ್ತು ಬಂತೆಂದು ಊರನ್ನೇ ಎಬ್ಬಿಸಿದ. ಜನ ಎರಡು ಗಂಟೆ ಕಾಲ ಕೂಗಾಡಿದ ಆ ರಂಗಮಂದಿರದ ಕಲ್ಲಿನ ಮೆಟ್ಟಿಲುಗಳು ಇಂದಿಗೂ ಇವೆ. ಆದರೆ ಬಾಗಿಲಲ್ಲಿ ನಿಂತ ಮುದುಕ ದೆಮೇತ್ರಿಯನಲ್ಲ. ಅವನದು ಲಾಭದ ಚಿಂತೆಯಲ್ಲ, ಅಂದಂದಿನ ಅನ್ನದ ಚಿಂತೆ. ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ನಮಗೆ ಅದು ವಿಹಾರದ ಒಂದು ದಿನ. ಅವನಿಗೆ ಅದೇ ಸಂತೆ. 2020ರಲ್ಲಿ ಕೊರೊನಾದಿಂದ ವಿಹಾರದ ಹಡಗುಗಳು ನಿಂತಾಗ ಅಂಥವರ ಸಂತೆಯೇ ನಿಂತುಹೋಯಿತು. ಅವನು ಬೆನ್ನು ಬೀಳುವುದು ಇದಕ್ಕೇ.

ಹಾಗೆಂದು ಬೇಡದ್ದನ್ನೆಲ್ಲ ಕೊಳ್ಳಬೇಕೇ? ಇಲ್ಲ. ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಎನ್ನಿರೆಂದು ಸ್ವಾಮಿಯೇ ಕಲಿಸಿದ್ದಾರೆ. ‘ಆಮೇಲೆ ನೋಡೋಣ’ ಎಂಬ ಸುಳ್ಳು ಆಸೆ ಹುಟ್ಟಿಸಬೇಡಿ. ನಿಂತು, ಮುಖ ನೋಡಿ, ಒಮ್ಮೆ ಸ್ಪಷ್ಟವಾಗಿ ‘ಬೇಡಪ್ಪ’ ಎನ್ನಿ. ಕೈಮುಗಿದು ಮುಂದೆ ನಡೆಯಿರಿ. ಕೊಳ್ಳುವುದಾದರೆ ನ್ಯಾಯವಾಗಿ ಚೌಕಾಸಿ ಮಾಡಿ. ಸರಕನ್ನು ಹಳಿದು ಕೊಂಡು, ಮನೆಗೆ ಹೋಗಿ ಜಂಬ ಕೊಚ್ಚುವವನನ್ನು ಜ್ಞಾನೋಕ್ತಿಗಳ 20ನೇ ಅಧ್ಯಾಯ ಎಂದೋ ಗುರುತಿಸಿದೆ.

ಆ ತಾಯಿಗೆ ಪ್ರಾರ್ಥನೆ ಬಾರದೆ ಹೋದದ್ದೇ ಒಂದು ಕೃಪೆ ಎಂದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೋ ಎಂದ ಪ್ರಭುವೇ ಅವರ ಮನಸ್ಸನ್ನು ಕದಲಿಸಿದ್ದರು. “ಆದರೆ ಹಡಗು ಹೊರಟುಹೋಯಿತಲ್ಲ ಫಾದರ್, ಆ ಮುದುಕನನ್ನು ಇನ್ನೆಲ್ಲಿ ಹುಡುಕಲಿ?” ಎಂದು ಅವರು ಕಣ್ಣೊರೆಸಿಕೊಂಡರು.

ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಹಿಡಿದು ಕಿಟಕಿಗೆ ಬರುವ ಹುಡುಗನಲ್ಲಿ, ವೇಳಾಂಕಣ್ಣಿಯ ಬೀದಿಯಲ್ಲಿ ಮೇಣದಬತ್ತಿ ಹಿಡಿದು ಹಿಂದೆಯೇ ಬರುವ ಹೆಂಗಸಿನಲ್ಲಿ ಆ ಮುದುಕ ಇದ್ದಾನೆ. ಮುಂದಿನ ಸಲ ಅವರು ಎದುರಾದಾಗ ಕೊಳ್ಳಿರಿ, ಬಿಡಿರಿ. ಮುಖ ಮಾತ್ರ ತಿರುಗಿಸಬೇಡಿ. ಆ ಮುಖದಲ್ಲಿ ನಮಗಾಗಿ ಕಾದು ನಿಂತಿರುವವರು ಪ್ರಭು ಯೇಸುವೇ.