ಮೈದಾನದ ಬೀಗದ ಕೈ

ನನ್ನ ಮೇಜಿನ ಮೇಲೆ ಹದಿನೈದು ದಿನದಿಂದ ಒಂದು ಹಾಳೆ ಬಿದ್ದಿದೆ. ಊರ ಮೈದಾನವನ್ನು ಹತ್ತು ವರ್ಷಗಳ ಅವಧಿಗೆ ಒಂದು ಕ್ರಿಕೆಟ್ ಕ್ಲಬ್ಬಿನ ಉಸ್ತುವಾರಿಗೆ ವಹಿಸಬೇಕೆಂದು ನಗರಸಭೆಯನ್ನು ಕೋರುವ ಮನವಿ ಅದು. ತಂದುಕೊಟ್ಟವರು ನನ್ನ ಹಳೆಯ ಸಹೋದ್ಯೋಗಿ, ನಿವೃತ್ತ ಪಿ.ಟಿ. ಮೇಷ್ಟ್ರು. ಊರಿನ ಹೆಸರು ಬೇಡ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕರಲ್ಲಿ ಒಂದು ಎಂದು ತಿಳಿದರೆ ಸಾಕು. ಯಾಕೆಂದರೆ ಮೈದಾನದ ಕತೆ ನಾಲ್ಕೂ ಊರಲ್ಲಿ ಹೆಚ್ಚುಕಡಿಮೆ ಒಂದೇ. ಶಿಡ್ಲಘಟ್ಟದ್ದಕ್ಕೆ ನೆಹರೂ ಹೆಸರು, ಗೌರಿಬಿದನೂರಿನದಕ್ಕೆ ನೇತಾಜಿ ಹೆಸರು, ಚಿಂತಾಮಣಿಯದಕ್ಕೆ ಝಾನ್ಸಿ ರಾಣಿಯ ಹೆಸರು, ಚಿಕ್ಕಬಳ್ಳಾಪುರದ್ದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ನಮ್ಮಲ್ಲಿ ಹೆಸರಿಡುವಾಗ ಇರುವ ಉತ್ಸಾಹ ಹುಲ್ಲು ಕತ್ತರಿಸುವಾಗ ಇರುವುದಿಲ್ಲ.

ಪಿ.ಟಿ. ಮೇಷ್ಟ್ರು ದುರಾಸೆಯ ಮನುಷ್ಯರಲ್ಲ. ಮೂವತ್ತು ವರ್ಷ ಮಕ್ಕಳನ್ನು ಓಡಿಸಿದವರು. ಅವರ ವಾದವೂ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. "ನಗರಸಭೆ ಏನು ಮಾಡಿದೆ ಹೇಳಿ ಮೇಷ್ಟ್ರೇ? ಮಳೆ ಬಂದರೆ ಕೆಸರು, ಬೇಸಿಗೇಲಿ ಧೂಳು, ರಾತ್ರಿಯಾದರೆ ಕುಡುಕರ ಬಾಟಲಿ. ಇವರು ಪಿಚ್ ಹಾಕ್ತಾರೆ, ನೀರು ಬಿಡ್ತಾರೆ, ಮಕ್ಕಳಿಗೆ ತರಬೇತಿ ಕೊಡ್ತಾರೆ. ಉಳುವವನೇ ಹೊಲದೊಡೆಯ ಅಂತ ನೀವೇ ಪಾಠ ಮಾಡ್ತಿದ್ದಿರಿ. ಹುಲ್ಲು ಕತ್ತರಿಸುವವನೇ ಮೈದಾನದ ಒಡೆಯ ಯಾಕಾಗಬಾರದು?"

ಆ ಹೊತ್ತಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಸಹಿ ಹಾಕದೆ ಹಾಳೆಯನ್ನು ಇಟ್ಟುಕೊಂಡೆ.

ಈ ಪ್ರಶ್ನೆ ನಮ್ಮ ರಾಜ್ಯದ ಅತಿ ದೊಡ್ಡ ಮೈದಾನಗಳಲ್ಲೊಂದಕ್ಕೇ ಎದುರಾಗಿತ್ತು. ಬೆಂಗಳೂರಿನ ಶ್ರೀ ಕಂಠೀರವ ಹೊರಾಂಗಣ ಕ್ರೀಡಾಂಗಣ ಸರ್ಕಾರದ ಆಸ್ತಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸುಪರ್ದಿನಲ್ಲಿರುವಂಥದ್ದು. ಅದು ಮೊದಲಿಂದಲೂ ಓಟಗಾರರ ಮನೆ. ಅಶ್ವಿನಿ ನಾಚಪ್ಪ ಅವರಂಥವರು ಅಲ್ಲಿ ಬೆವರು ಸುರಿಸಿದ್ದಾರೆ. 1997ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗಲೂ ಕಣ್ಣೆಲ್ಲ ಅದರ ಮೇಲೇ ಇತ್ತು. 2013ರಲ್ಲಿ ಜೆಎಸ್‌ಡಬ್ಲ್ಯು ಉದ್ಯಮ ಸಮೂಹ ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ಬನ್ನು ಕಟ್ಟಿತು. ಮೊದಲ ವರ್ಷ ಬೇರೆ ಮೈದಾನದಲ್ಲಿ ಆಡಿದ ಕ್ಲಬ್ಬು 2014ರಲ್ಲಿ ಕಂಠೀರವಕ್ಕೆ ಬಂತು. ಓಟದ ಪಥದ ನಡುವಿನ ಹುಲ್ಲುಹಾಸು ಫುಟ್‌ಬಾಲಿಗೆ ಸಿದ್ಧವಾಯಿತು. ಹಾಗೆ ಸಿದ್ಧವಾದ ಹುಲ್ಲಿನ ಮೇಲೆ ಈಟಿ, ಚಕ್ರ, ಸುತ್ತಿಗೆ ಬಿದ್ದರೆ ಹಾಳಾಗುತ್ತದೆಯಲ್ಲ! ಎಸೆತಗಾರರಿಗೆ ಜಾಗ ಇಲ್ಲದಾಯಿತು ಎಂಬ ದೂರು ಎದ್ದಿತು. ಪಂದ್ಯವಿದ್ದ ದಿನ, ಪಂದ್ಯಕ್ಕೆ ಅಣಿಯಾಗುವ ದಿನ ಅಭ್ಯಾಸ ನಿಲ್ಲುತ್ತದೆ ಎಂಬ ದೂರೂ ಸೇರಿಕೊಂಡಿತು. ಕೊನೆಗೆ ಕೋಚ್‌ಗಳು ಹೈಕೋರ್ಟಿನ ಮೆಟ್ಟಿಲೇರಿದರು. 2019ರಲ್ಲಿ ವಿವಾದ ಎಲ್ಲಿಗೆ ಮುಟ್ಟಿತೆಂದರೆ, ಕ್ಲಬ್ಬು ತನ್ನ ತವರಿನ ಪಂದ್ಯಗಳನ್ನು ಪುಣೆಯ ಬಾಲೇವಾಡಿಯಲ್ಲಿ ಆಡುವುದಾಗಿ ಪ್ರಕಟಿಸಿತು. ಆಮೇಲೆ ದಾರಿಯೊಂದು ತೆರೆದು, ಕಂಠೀರವದಲ್ಲೇ ಆಡಿತು.

ಕಂಪನಿ ಕೆಟ್ಟದ್ದು, ಓಟಗಾರರು ಪಾಪದವರು ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಹಾಗೆ ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ಬಾಯಿತು. ನೀಲಿ ಅಂಗಿ ತೊಟ್ಟು, ಗಂಟಲು ಹರಿಯುವಂತೆ ಕೂಗುತ್ತ ಗ್ಯಾಲರಿ ತುಂಬಿದ ಸಾವಿರಾರು ಹುಡುಗ ಹುಡುಗಿಯರೂ ಸಾರ್ವಜನಿಕರೇ ಅಲ್ಲವೇ? ಖಾಲಿ ಗ್ಯಾಲರಿಯ ಎದುರು ಓಡುವ ನಲವತ್ತು ಮಂದಿಗಿಂತ ಅವರ ಹಕ್ಕು ಕಡಿಮೆಯೇ? ಲೆಕ್ಕ ಹಾಕಿದರೆ ಅವರೇ ಹೆಚ್ಚು. ಆದರೆ ಲೆಕ್ಕದಿಂದ ಇದು ಬಗೆಹರಿಯುವುದಿಲ್ಲ ಅನ್ನಿಸುತ್ತದೆ. ಗ್ಯಾಲರಿಯಲ್ಲಿ ಕೂತವರು ಟಿಕೆಟ್ ಕೊಂಡವರು. ಕ್ಲಬ್ಬು ಬೇರೆಲ್ಲಿ ಆಡಿದರೂ ಟಿಕೆಟ್ ಕೊಳ್ಳಬಲ್ಲವರು. ಈಟಿ ಹಿಡಿದು ನಿಂತ ಹುಡುಗಿಗೆ ಆ ಊರಲ್ಲಿ ಎರಡನೆಯ ಕಂಠೀರವ ಎಲ್ಲಿದೆ?

ಇಲ್ಲಿಗೆ ಬಂದಾಗ ಪಿ.ಟಿ. ಮೇಷ್ಟ್ರ ಘೋಷಣೆಗೆ ಉತ್ತರ ಹೊಳೆಯಿತು. 1974ರ ಭೂಸುಧಾರಣೆಯ ಹೊತ್ತಿಗೆ ಹೊಲದಲ್ಲಿ ಇದ್ದವನು ಗೇಣಿದಾರ. ಒಡೆಯ ಎಲ್ಲೋ ಇದ್ದ, ಅವನ ಬಳಿ ಕಾಗದ ಇತ್ತು. ಉಳುವವನೇ ಒಡೆಯ ಎಂಬುದರ ಅರ್ಥ, ಕಾಗದಕ್ಕಿಂತ ಕಾಲು ದೊಡ್ಡದು ಎಂದು. ಕಂಠೀರವದಲ್ಲಿ ಕಾಲಿಟ್ಟುಕೊಂಡು ಇದ್ದವರು ಯಾರು? ಓಟಗಾರರು. ಕಾಗದ ಹಿಡಿದು ಆಮೇಲೆ ಬಂದವರು ಯಾರು? ಹಾಗಾದರೆ ಆ ಘೋಷಣೆ ಯಾರ ಪರ ಸಾಕ್ಷಿ ಹೇಳುತ್ತದೆ? ಮೈದಾನವನ್ನು ಉಳುವವನು ಹುಲ್ಲು ಕತ್ತರಿಸುವವನಲ್ಲ, ಅದರ ಮೇಲೆ ಓಡುವವನು. ಇಷ್ಟಕ್ಕೂ ಹೊಲದ ಫಸಲನ್ನು ಒಬ್ಬ ಕೊಯ್ದರೆ ಇನ್ನೊಬ್ಬನಿಗೆ ಉಳಿಯುವುದಿಲ್ಲ. ಮೈದಾನದ ಫಸಲು ಹಾಗಲ್ಲ. ಬೆಳಿಗ್ಗೆ ಒಬ್ಬ ಓಡಿದರೆ ಮಧ್ಯಾಹ್ನದವನಿಗೆ ಓಟ ಕಡಿಮೆಯಾಗುವುದಿಲ್ಲ. ಅದು ಕಡಿಮೆಯಾಗುವುದು ಬಾಗಿಲಿಗೆ ಬೀಗ ಬಿದ್ದಾಗ ಮಾತ್ರ.

ಬೀಗದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಲು ನನಗೊಂದು ಅರ್ಹತೆ ಇದೆ. ಒಮ್ಮೆ ಆ ಬೀಗದ ಕೈ ನನ್ನ ಮನೆಯ ಮೊಳೆಯಲ್ಲೇ ತೂಗುತ್ತಿತ್ತು.

ಬೆಳಗಿನ ವಾಯುವಿಹಾರಕ್ಕೆ ಹೋಗುವ ನಾವು ಹತ್ತಿಪ್ಪತ್ತು ಮಂದಿ ಒಂದು ಬಳಗ ಕಟ್ಟಿಕೊಂಡಿದ್ದೆವು. ಮೇಷ್ಟ್ರುಗಳು, ಬ್ಯಾಂಕಿನವರು, ಒಬ್ಬ ಡಾಕ್ಟರು, ರೇಷ್ಮೆ ವ್ಯಾಪಾರದ ಇಬ್ಬರು. ಚಂದಾ ಎತ್ತಿ ದೀಪ ಹಾಕಿಸಿದೆವು, ಸಿಮೆಂಟ್ ಬೆಂಚು ತರಿಸಿದೆವು, ಬೇಲಿಯುದ್ದಕ್ಕೂ ಹೊಂಗೆ ಸಸಿ ನೆಟ್ಟೆವು. ಒಳ್ಳೆಯ ಕೆಲಸವೇ. ಸಸಿಗಳನ್ನು ಮೇಕೆ ತಿನ್ನತೊಡಗಿದಾಗ ಗೇಟು ಹಾಕಿಸಿದೆವು. ಗೇಟಿಗೆ ಬೀಗ ಬಂತು. ಬೆಳಿಗ್ಗೆ ಐದರಿಂದ ಎಂಟು, ಸಂಜೆ ಐದರಿಂದ ಏಳು ಎಂದು ಫಲಕ ಬರೆಸಿದೆವು. ಖಜಾಂಚಿ ನಾನಾಗಿದ್ದರಿಂದ ಬೀಗದ ಕೈ ನನ್ನಲ್ಲಿತ್ತು. ಇದಕ್ಕೆ ಯಾರೂ ಆದೇಶ ಕೊಟ್ಟಿರಲಿಲ್ಲ, ಯಾರೂ ತಡೆದಿರಲೂ ಇಲ್ಲ. ನಮಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅದು ನಮ್ಮದೇ ಎಂದು ಅನ್ನಿಸತೊಡಗಿದ್ದು ಯಾವಾಗ ಎಂದೂ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗನೊಬ್ಬ ಬಾಗಿಲಿಗೆ ಬಂದ. ಕೈಯಲ್ಲಿ ಬ್ಯಾಟು, ಹಿಂದೆ ಬೀದಿಯಲ್ಲಿ ನಾಲ್ಕೈದು ಹುಡುಗರು. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸಕ್ಕೆ ಹೋಗುವವರೆಂದು ಅವರ ಕೈ ನೋಡಿದರೆ ತಿಳಿಯುತ್ತಿತ್ತು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತದೆ. ಆ ಕೆಲಸ ಕತ್ತಲಿರುವಾಗಲೇ ಶುರುವಾಗುತ್ತದೆ. ಅವರಿಗೆ ಬಿಡುವು ಸಿಗುವುದು ಮಧ್ಯಾಹ್ನ. ನಮ್ಮ ಫಲಕದಲ್ಲಿ ಮಧ್ಯಾಹ್ನವೇ ಇರಲಿಲ್ಲ.

"ಬೀಗದ ಕೈ ಕೊಡ್ತೀರಾ ಸಾರ್? ಆಡ್ಕೊಂಡು ತಂದು ಕೊಡ್ತೀವಿ."

"ಸಸಿ ಹಾಳಾಗ್ತವಪ್ಪ," ಅಂದೆ.

"ಸಸಿಗೆ ನೀರು ನಾವೇ ಹಾಕ್ತೀವಿ ಸಾರ್."

ನಾನು ಕೊಡಲಿಲ್ಲ. ಬಳಗದಲ್ಲಿ ಕೇಳಿ ಹೇಳುತ್ತೇನೆ ಅಂದೆ. ಬಳಗದಲ್ಲಿ ಕೇಳಲೂ ಇಲ್ಲ. ಕೆಲವು ದಿನಗಳ ಮೇಲೆ ಅವರಲ್ಲೊಬ್ಬ ಬೇಲಿ ಹಾರಲು ಹೋಗಿ ಮುಳ್ಳುತಂತಿಗೆ ಅಂಗೈ ಹರಿದುಕೊಂಡನೆಂದು ಕೇಳಿದೆ. ನೂಲು ಬಿಚ್ಚುವವನಿಗೆ ಅಂಗೈ ಹರಿದರೆ ಎಷ್ಟು ದಿನದ ಕೂಲಿ ಹೋಗುತ್ತದೆ ಎಂಬ ಲೆಕ್ಕ ಖಜಾಂಚಿಯ ಪುಸ್ತಕದಲ್ಲಿ ಬರುವುದಿಲ್ಲ.

ದುಡಿಯುವವನ ಬಿಡುವಿನ ಬಗ್ಗೆ ಯೋಚಿಸುವಾಗ ಇಂಗ್ಲೆಂಡಿನ ರಗ್ಬಿ ಲೀಗಿನ ಹುಟ್ಟು ನೆನಪಾಗುತ್ತದೆ. ಆ ಆಟದ ಬಗ್ಗೆ ನನಗೆ ಬೇರೆ ಗಂಧಗಾಳಿ ಇಲ್ಲ. 1895ರಲ್ಲಿ ಹಡರ್ಸ್‌ಫೀಲ್ಡ್ ಎಂಬ ಊರಿನ ಹೋಟೆಲೊಂದರಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ರಗ್ಬಿಯ ಮೂಲ ಸಂಘದಿಂದ ಹೊರಬಂದವು. ಕಾರಣ ಇಷ್ಟೇ. ಗಿರಣಿ, ಗಣಿಗಳಲ್ಲಿ ದುಡಿಯುವ ಆಟಗಾರ ಆಡಲು ಹೋದರೆ ಆ ದಿನದ ಕೂಲಿ ಕಳೆದುಕೊಳ್ಳುತ್ತಿದ್ದ. ಆ ಕೂಲಿ ತುಂಬಿಕೊಡಬೇಕೆಂದು ಇವರು, ಕೊಟ್ಟರೆ ಆಟ ಕೆಡುತ್ತದೆಂದು ಅವರು. ಅಂಥ ಹುಟ್ಟಿನ ಆಟ ಇಂದಿಗೂ ಅಲ್ಲಿ ಪುರಸಭೆಗಳ ಮೈದಾನಗಳ ಗುತ್ತಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಬ್ರಾಡ್‌ಫರ್ಡಿನ ಓಡ್ಸಾಲ್ ಮೈದಾನದ ಗುತ್ತಿಗೆಯನ್ನು 2012ರಲ್ಲಿ ಆಟದ ಆಡಳಿತ ಮಂಡಳಿಯೇ ಕೊಂಡುಕೊಂಡಿತು, ಬಿಲ್ಡರುಗಳ ಪಾಲಾಗದಿರಲಿ ಎಂದು. ಕ್ಲಬ್ಬು ಕಾವಲಿಗೆ ನಿಲ್ಲುವುದೂ ಉಂಟು, ಅದನ್ನೂ ಮರೆಯಬಾರದು. ಕೂಲಿಯವನ ಕ್ಲಬ್ಬು ಕೂಲಿಯವನ ಮೈದಾನವನ್ನು ಕಾಯುವುದು ಒಂದು. ನಮ್ಮ ಬಳಗ ಮಾಡಿದ್ದು ಅದಲ್ಲ.

ನೋಡಿಕೊಳ್ಳುವವನು ಮತ್ತು ಒಡೆಯ ಬೇರೆ ಬೇರೆ ಆಗಿರಲು ಸಾಧ್ಯ ಎಂಬುದನ್ನು ನಮ್ಮ ಸೀಮೆ ಹೊರಗಿನಿಂದ ಕಲಿಯಬೇಕಾಗಿಲ್ಲ. ಕೋಲಾರ-ಚಿಕ್ಕಬಳ್ಳಾಪುರದ ಕೆರೆಗಳಿಗೆ ನೀರುಗಂಟಿ ಎಂಬವನಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡುವುದು ಅವನ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಅವನಿಗೆ ಧಾನ್ಯ ಸಲ್ಲುತ್ತಿತ್ತು. ತೂಬು ಅವನ ಕೈಯಲ್ಲಿತ್ತು, ಕೆರೆ ಅವನದಾಗಿರಲಿಲ್ಲ. ಹಳೆಯದನ್ನೆಲ್ಲ ಹೊಗಳುವ ಚಟ ನನಗಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ನೀರುಗಂಟಿ ಬಹಳ ಕಡೆ ದಲಿತ, ಅದೇ ಊರಿನ ಬಾವಿಯಲ್ಲಿ ಅವನು ನೀರು ಸೇದುವಂತಿರಲಿಲ್ಲ. ಆದರೂ ಆ ಕೆಲಸದಲ್ಲಿ ಒಂದು ತಿಳಿವಳಿಕೆ ಇತ್ತು. ಕಾಯುವುದಕ್ಕೆ ಕೂಲಿ ಇದೆ, ಕಾದದ್ದಕ್ಕಾಗಿ ಹಕ್ಕು ಹುಟ್ಟುವುದಿಲ್ಲ. ಪಕ್ಕದ ಗದ್ದೆ ಒಣಗುತ್ತಿರುವಾಗ ಕೆರೆಯನ್ನು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂದು ಅವನು ಹೇಳುವಂತಿರಲಿಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು. ಕಂಠೀರವ ಕ್ರೀಡಾಂಗಣ ನಿಂತಿರುವುದೂ ಕೆರೆಯ ಅಂಗಳದಲ್ಲಿಯೇ. ಅದು ಸಂಪಂಗಿ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಪೇಟೆಯವರಿಗೆ ಆ ಕೆರೆ ಬೇಡವಾಯಿತು. ಅದರ ನೀರು ನಂಬಿದ್ದ ತೋಟದವರಿಗೆ, ದನ ಮೇಯಿಸುವವರಿಗೆ ಬೇಡವಾಗಿರಲಿಲ್ಲ. ಕೆರೆ ಬತ್ತಿಸಿ ಮೈದಾನವಾಯಿತು. ಈಗ ಉಳಿದಿರುವುದು ಕರಗದ ಪೂಜೆಗೆ ಬೇಕಾಗುವ ಒಂದು ಪುಟ್ಟ ಹೊಂಡ. ಓಟಗಾರರನ್ನು ಬದಿಗೆ ಸರಿಸಿದ ನೆಲದಿಂದ ಅದಕ್ಕೂ ಮುಂಚೆ ತೋಟದವರು ಸರಿದಿದ್ದರು. ಪ್ರತಿ ಸಲವೂ ಮೊದಲು ನಿರ್ಲಕ್ಷ್ಯ ಬರುತ್ತದೆ. ಆಮೇಲೆ, ಹಾಳುಬಿದ್ದಿದೆಯಲ್ಲ, ಯಾರಾದರೂ ಉಪಯೋಗಿಸಲಿ ಎಂಬ ಮಾತು ಬರುತ್ತದೆ. ಹಸ್ತಾಂತರದ ಕಾಗದಕ್ಕೆ ಸಹಿ ಬೀಳುವುದು ಕೊನೆಯಲ್ಲಿ. ನಗರಸಭೆ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದ ದಿನವೇ ಮೈದಾನ ಅರ್ಧ ಕೈಬಿಟ್ಟಿರುತ್ತದೆ.

ಯಾರಾದರೂ ಒಳ್ಳೆಯದಕ್ಕೇ ಉಪಯೋಗಿಸಿದರೆ? ಇದಕ್ಕೆ ನ್ಯಾಯಾಲಯವೂ ಉತ್ತರ ಕೊಟ್ಟಿದೆ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಅಭಿವೃದ್ಧಿ ಪ್ರಾಧಿಕಾರ ಖಾಸಗಿ ಟ್ರಸ್ಟ್ ಒಂದಕ್ಕೆ ಆಸ್ಪತ್ರೆ ಕಟ್ಟಲು ಕೊಟ್ಟಿತು. ಆಸ್ಪತ್ರೆಗಿಂತ ಒಳ್ಳೆಯದು ಯಾವುದು? ಬಡಾವಣೆಯ ಜನ ಒಪ್ಪಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ನಿಂತಿತು. ಉದ್ಯಾನದ ಜಾಗವನ್ನು ಆಸ್ಪತ್ರೆಯೂ ತುಂಬಲಾರದು ಎಂಬುದು ಅದರ ಸಾರ. ಅದಕ್ಕೂ ಮುಂಚೆ, 1985ರಲ್ಲೇ, ಉದ್ಯಾನ ಮತ್ತು ಆಟದ ಬಯಲುಗಳನ್ನು ಕಾಪಾಡಲೆಂದು ನಮ್ಮ ರಾಜ್ಯ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತ್ತು. ಕಾಯ್ದೆಗೆ ಕೊರತೆ ಇಲ್ಲ. ಅದನ್ನು ಹಿಡಿದು ಹೋಗಲು ಸದಾಶಿವನಗರದ ಜನಕ್ಕೆ ವ್ಯವಧಾನ ಇತ್ತು, ವಕೀಲರಿದ್ದರು. ಬ್ಯಾಟು ಹಿಡಿದು ನಮ್ಮ ಮನೆಗೆ ಬಂದ ಹುಡುಗನಿಗೆ ಇದ್ದದ್ದು ಮಧ್ಯಾಹ್ನದ ಎರಡು ಗಂಟೆಯ ಬಿಡುವು.

ಕ್ಲಬ್ಬುಗಳಿಗೆ ಜಾಗವೇ ಬೇಡವೇ ಎಂದರೆ, ಖಂಡಿತ ಬೇಕು. 2024ರ ಜನವರಿಯಲ್ಲಿ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದ ಮೈದಾನದಲ್ಲಿ ತೆಂಡೂಲ್ಕರ್, ಯುವರಾಜ್ ಸಿಂಗ್ ಆಡಿ ಹೋದರು. ನಮ್ಮ ಹುಡುಗರು ಆ ದಿನ ಮೊಬೈಲಿಗೆ ಅಂಟಿಕೊಂಡಿದ್ದರು. ಆ ಸಂಸ್ಥೆ ತನ್ನ ಆವರಣದಲ್ಲಿ ತಾನೇ ಕಟ್ಟಿಕೊಂಡದ್ದು ಅದು. ಅಲ್ಲಿ ಯಾರಿಗೆ ಪ್ರವೇಶ ಎಂದು ಅವರು ಹೇಳಲಿ. ಊರಿಗೆ ಇರುವುದೊಂದೇ ಮೈದಾನ, ಅದರ ಬಾಗಿಲಲ್ಲಿ ಆ ಮಾತು ಹೇಳುವವನು ಯಾರಾಗಿರಬೇಕು ಎಂಬುದಷ್ಟೇ ನನ್ನ ತೊಡಕು.

ನಮ್ಮ ಬಳಗ ಎಂದೋ ಚದುರಿತು. ಕೆಲವರು ತೀರಿಕೊಂಡರು, ಕೆಲವರು ಮಕ್ಕಳ ಜೊತೆ ಬೆಂಗಳೂರಿಗೆ ಹೋದರು. ಬೀಗ ತುಕ್ಕು ಹಿಡಿದು ಬಿತ್ತು, ಗೇಟಿನ ಒಂದು ರೆಕ್ಕೆಯನ್ನು ಯಾರೋ ಗುಜರಿಗೆ ಹಾಕಿದರು. ಹೊಂಗೆ ಮರಗಳು ಈಗ ಎತ್ತರವಾಗಿವೆ, ಮಧ್ಯಾಹ್ನ ಆಡುವ ಹುಡುಗರು ಅವುಗಳ ನೆರಳಲ್ಲೇ ಚಪ್ಪಲಿ ಬಿಡುತ್ತಾರೆ. ಬೆಂಚುಗಳು ಮುರಿದಿವೆ, ಬಾಟಲಿ ಚೂರುಗಳಿವೆ. ಪಿ.ಟಿ. ಮೇಷ್ಟ್ರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ.

ನಿನ್ನೆ ಅವರು ಹಾಳೆ ಕೇಳಲು ಬಂದರು. ನಾನು ಅದರ ಅಂಚಿನಲ್ಲಿ ಪೆನ್ನಿನಿಂದ ಒಂದು ಸಾಲು ಸೇರಿಸಿದ್ದೆ: ಕ್ಲಬ್ಬು ಮೈದಾನ ನೋಡಿಕೊಳ್ಳಲಿ, ಅದಕ್ಕೆ ನಗರಸಭೆ ಹಣ ಕೊಡಲಿ, ಗೇಟಿಗೆ ಯಾವ ಹೊತ್ತಿನಲ್ಲೂ ಬೀಗ ಬೇಡ. ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇದನ್ನ ಅವರು ಒಪ್ಪಲ್ಲ ಮೇಷ್ಟ್ರೇ," ಅಂದರು.

ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು, ಸಹಿ ಕೇಳಲಿಲ್ಲ. ಕಾಫಿ ಕುಡಿದು ಇಬ್ಬರೂ ಮೈದಾನದ ಕಡೆ ನಡೆದೆವು.