ಸತ್ಯ ನುಡಿದವನ ಸ್ನೇಹ

ಮುನಿಸಿಕೊಂಡ ಇಬ್ಬರನ್ನು ಒಂದುಗೂಡಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ, 'ತಪ್ಪು ಯಾರದು?' ತಪ್ಪಿದವನು ಕ್ಷಮೆ ಕೇಳಲಿ, ಇನ್ನೊಬ್ಬನು ಕ್ಷಮಿಸಲಿ, ಅಲ್ಲಿಗೆ ಜಗಳ ಮುಗಿಯಿತು ಎಂಬುದು ನಮ್ಮ ಲೆಕ್ಕ. ಆದರೆ ಸತ್ಯ ಹೇಳಿದ್ದಕ್ಕಾಗಿಯೇ ಸ್ನೇಹ ಕಡಿದುಹೋಗಿದ್ದರೆ? ಆಡಿದ ಮಾತನ್ನು ಹಿಂದೆಗೆದುಕೊಂಡರೆ ಸತ್ಯಕ್ಕೆ ದ್ರೋಹ, ಹಾಗೆಯೇ ಬಿಟ್ಟರೆ ಸ್ನೇಹಕ್ಕೆ ನಷ್ಟ.

ಜರ್ಮನ್ ಸಂಗೀತಕಾರ ಯೊಹಾನೆಸ್ ಬ್ರಾಮ್ಸ್ ಇಂಥದೇ ಇಕ್ಕಟ್ಟಿಗೆ ಸಿಕ್ಕಿದ್ದರು. ಹೆಸರಾಂತ ಪಿಟೀಲು ವಾದಕ ಯೋಸೆಫ್ ಯೋವಾಕಿಮ್ 1853ರಿಂದ ಅವರ ಆಪ್ತ ಗೆಳೆಯ. ಬ್ರಾಮ್ಸ್‌ರ ಪಿಟೀಲು ಕಾಂಚೆರ್ಟೊವನ್ನು 1879ರಲ್ಲಿ ಮೊದಲು ನುಡಿಸಿದವರೂ ಅವರೇ. ಯೋವಾಕಿಮ್‌ರ ಪತ್ನಿ ಅಮಾಲಿಯೆ ಗಾಯಕಿ. ಮದುವೆಗಾಗಿ ಒಪೆರಾ ರಂಗವನ್ನೇ ತೊರೆದಿದ್ದವರು. ಆಕೆಗೂ ಪ್ರಕಾಶಕ ಸಿಮ್ರಾಕ್‌ಗೂ ಸಂಬಂಧವಿದೆಯೆಂಬ ಸಂಶಯ ಗಂಡನ ತಲೆ ಹೊಕ್ಕಿತು. ಗೆಳೆಯನ ಸಂಶಯದ ಸ್ವಭಾವವನ್ನು ಬಲ್ಲ ಬ್ರಾಮ್ಸ್ 1880ರಲ್ಲಿ ಅಮಾಲಿಯೆಗೆ ಪತ್ರ ಬರೆದು, ಆಕೆ ನಿರ್ದೋಷಿಯೆಂದು ತಾನು ನಂಬಿರುವುದಾಗಿ ತಿಳಿಸಿದರು. ವಿಚ್ಛೇದನದ ಮೊಕದ್ದಮೆಯಲ್ಲಿ ಆ ಪತ್ರ ಸಾಕ್ಷ್ಯವಾಯಿತು. ಯೋವಾಕಿಮ್ ಬ್ರಾಮ್ಸ್‌ರ ಕೃತಿಗಳನ್ನು ನುಡಿಸುವುದನ್ನು ಬಿಡಲಿಲ್ಲ. ಹಳೆಯ ಆತ್ಮೀಯತೆ ಮಾತ್ರ ಮುರಿದುಬಿತ್ತು.

ಬ್ರಾಮ್ಸ್ ಮಾಡಿದ್ದು ಸ್ನೇಹದ್ರೋಹವೇ? ನಮ್ಮವನು ಎಂಬ ಕಾರಣಕ್ಕೆ ಅವನ ಅನ್ಯಾಯದಲ್ಲೂ ಜೊತೆ ನಿಲ್ಲುವುದನ್ನು ಲೋಕ ನಿಷ್ಠೆಯೆಂದು ಕರೆಯುತ್ತದೆ. ಆದರೆ ಗೆಳೆಯನ ಸುಳ್ಳು ಸಂಶಯಕ್ಕೆ ತಲೆಯಾಡಿಸುವವನು ಅವನನ್ನು ಇನ್ನಷ್ಟು ಆಳದ ಹೊಂಡಕ್ಕೆ ತಳ್ಳುತ್ತಾನೆ, ನಿರಪರಾಧಿಯೊಬ್ಬಳ ಮಾನವನ್ನೂ ಬಲಿಕೊಡುತ್ತಾನೆ. ಅಂಥ ಮೌನಕ್ಕಿಂತ ಸ್ನೇಹ ಕಳೆದುಕೊಳ್ಳುವುದೇ ಮೇಲು.

ಹಾಗೆಂದು ಸತ್ಯ ಹೇಳಿದವನ ಹೊಣೆ ಅಲ್ಲಿಗೇ ಮುಗಿಯುವುದಿಲ್ಲ. 'ನಾನು ಸರಿಯಾಗಿದ್ದೆ, ಅವನೇ ಬರಲಿ' ಎಂದು ಕೂರುವುದು ಸತ್ಯನಿಷ್ಠೆಯಲ್ಲ, ಅಹಂಕಾರ. 1887ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ತೂನ್ ಸರೋವರದ ಬಳಿ ಬ್ರಾಮ್ಸ್ ಪಿಟೀಲು, ಚೆಲ್ಲೋ ಮತ್ತು ವಾದ್ಯವೃಂದಕ್ಕಾಗಿ ಜೋಡಿ ಕಾಂಚೆರ್ಟೊ ರಚಿಸಿದರು. ಪಿಟೀಲು ಯೋವಾಕಿಮ್‌ಗೆ, ಚೆಲ್ಲೋ ಅವರದೇ ತಂಡದ ರಾಬರ್ಟ್ ಹೌಸ್ಮನ್‌ಗೆ. ಇಷ್ಟವಿಲ್ಲದಿದ್ದರೆ ಒಲ್ಲೆನೆಂದು ಒಂದು ಕಾರ್ಡು ಬರೆದರೆ ಸಾಕೆಂದು ಯೋವಾಕಿಮ್‌ಗೆ ತಿಳಿಸಿದ್ದರು. ಆ ಕಾರ್ಡು ಬರಲಿಲ್ಲ. ಅಕ್ಟೋಬರ್ 18ರಂದು ಕಲೋನ್ ನಗರದಲ್ಲಿ ಬ್ರಾಮ್ಸ್‌ರೇ ನಿರ್ದೇಶಿಸಿ ಕೃತಿ ಮೊದಲು ಕೇಳಿಬಂತು. ಇದು ಸಂಧಾನದ ಕೃತಿಯೆಂದು ಕ್ಲಾರಾ ಶೂಮನ್ ದಿನಚರಿಯಲ್ಲಿ ಬರೆದುಕೊಂಡರು.

ಈ ಕೃತಿಯ ಆರಂಭದಲ್ಲಿ ವಾದ್ಯವೃಂದದ ಕೆಲವೇ ಕ್ಷಣಗಳ ಘೋಷದ ನಂತರ ಚೆಲ್ಲೋ ಒಂಟಿಯಾಗಿ ಮಾತಿಗಿಳಿಯುತ್ತದೆ. ಬಳಿಕ ಪಿಟೀಲು ದನಿಗೂಡಿಸುತ್ತದೆ. ನಿಧಾನಗತಿಯ ಎರಡನೇ ಭಾಗದಲ್ಲಿ ಎರಡೂ ಒಂದೇ ರಾಗಧಾರೆಯನ್ನು ಒಂದು ಸ್ಥಾಯಿಯ ಅಂತರದಲ್ಲಿ ನುಡಿಸುತ್ತವೆ. ಒಂದರ ದನಿ ಇನ್ನೊಂದರಲ್ಲಿ ಕರಗಿಹೋಗುವುದಿಲ್ಲ, ಅಂತರವಿದ್ದೂ ಹಾಡು ಒಂದೇ.

ಆದರೆ ಒಂದು ಮಾತನ್ನು ಮರೆಯಬಾರದು. ಗೆಳೆಯರು ಒಂದಾದರು, ಅಮಾಲಿಯೆಯ ಸಂಸಾರ ಕೂಡಲಿಲ್ಲ. 1884ರಲ್ಲೇ ವಿಚ್ಛೇದನವಾಗಿತ್ತು. ಗಂಡಸರಿಬ್ಬರ ರಾಜಿಯನ್ನು ಕೊಂಡಾಡುವ ಚರಿತ್ರೆ, ಸಂಶಯಕ್ಕೆ ಬೆಲೆ ತೆತ್ತ ಹೆಣ್ಣನ್ನು ಅಡಿಟಿಪ್ಪಣಿಗೆ ಸರಿಸುತ್ತದೆ. ಆಕೆಯ ಪರ ನುಡಿದ ಮಾತನ್ನು ಬೆಲೆಯಾಗಿ ತೆತ್ತು ಬ್ರಾಮ್ಸ್ ಈ ರಾಜಿಯನ್ನು ಕೊಂಡಿದ್ದರೆ, ಅದು ಆಕೆಗೆ ಬಗೆದ ಎರಡನೆಯ ಅನ್ಯಾಯವಾಗುತ್ತಿತ್ತು. ಹಳೆಯ ವಾದವನ್ನು ಕೆದಕದೆ, ಸತ್ಯವನ್ನೂ ಬಿಟ್ಟುಕೊಡದೆ, ಇಬ್ಬರೂ ಸೇರಿ ಮಾಡಬಹುದಾದ ಒಂದು ಒಳ್ಳೆಯ ಕೆಲಸವನ್ನು ಎದುರಿಗಿಡುವುದು ಸಂಧಾನದ ಗೌರವಯುತ ದಾರಿ. ಮುರಿದ ಮನಸ್ಸುಗಳ ನಡುವೆ ಬದುಕುವ ನಮಗೆಲ್ಲರಿಗೂ ಆ ದಾರಿ ತೆರೆದಿದೆ.