ಎಣ್ಣೆ ತೀರಿದ ಮೇಲೆ

ಭೂಗರ್ಭದ ಎಣ್ಣೆಯು ಅಕ್ಷಯಪಾತ್ರೆಯಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಅದು ತೀರಿದ ಮೇಲೆ ಮೋಟಾರು ಬಂಡಿಯು ಯಾವುದರಿಂದ ಓಡಬೇಕೆಂದು ಕೇಳುವವರು ಬಹಳ ಮಂದಿ. ಯಾರ ಪಾಲಿನದನ್ನು ಉಂಡು ಓಡಬೇಕೆಂದು ಕೇಳುವವರು ವಿರಳ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾಗಿ, ನಮ್ಮ ನಾಡಿನ ಬಸ್ಸುಗಳು ಇದ್ದಲಿನ ಅನಿಲದಿಂದ ಓಡಿದುದನ್ನು ಹಿರಿಯರು ಹೇಳುತ್ತಿದ್ದರು. ಬಂಡಿಯ ಹಿಂಬದಿಗೆ ಕಬ್ಬಿಣದ ಒಲೆ. ಹೊರಡುವ ಮುನ್ನ ಚಕ್ರ ತಿರುಗಿಸಿ, ಗಾಳಿಯೂದಿ, ಕೆಂಡವೆಬ್ಬಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿಯಬೇಕು. ನಗುತ್ತ ಹೇಳುವ ಕಥೆಯೇ ಸರಿ. ಇದ್ದಲಾಗಿ ಹೋದ ಮರಗಳ ಲೆಕ್ಕವು ಆ ಕಥೆಯಲ್ಲಿ ಸೇರಿರಲಿಲ್ಲ.

ಈಗ ಕಾಡಿನ ಸ್ಥಾನಕ್ಕೆ ಹೊಲವು ಬಂದಿದೆ. ಬ್ರೆಜಿಲ್ ದೇಶವು 1975ರಲ್ಲಿ ಕಬ್ಬಿನ ಮದ್ಯಸಾರವನ್ನು ಬಂಡಿಗೆ ಕುಡಿಸುವ ಯೋಜನೆಯನ್ನು ಹೂಡಿತು. ನಮ್ಮಲ್ಲಿಯೂ 2025ರ ವೇಳೆಗೆ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಯಿತು. ಕಾಕಂಬಿಯಿಂದ ತೆಗೆದುದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಸಕ್ಕರೆಯ ಉಚ್ಛಿಷ್ಟ. ಮುಸುಕಿನ ಜೋಳವೂ ಅಕ್ಕಿಯೂ ಉಚ್ಛಿಷ್ಟಗಳಲ್ಲ. ರೈತನಿಗೆ ಬೆಲೆ ದೊರೆಯುವುದೆಂಬ ವಾದವನ್ನು ಹಗುರಾಗಿ ತಳ್ಳಲಾಗದು. ಆದರೆ ಸಂತೆಯಲ್ಲಿ ಹಸಿದವನೂ ಎಂಜಿನ್ನಿನ ಒಡೆಯನೂ ಒಂದೇ ಚೀಲಕ್ಕೆ ಕೈಯೊಡ್ಡಿದಾಗ, ಹೆಚ್ಚು ಹಣ ಕೊಡಬಲ್ಲವನು ಯಾರು?

ವಿದ್ಯುತ್ ಬಂಡಿಯು ಅನ್ನವನ್ನು ಬೇಡುವುದಿಲ್ಲ, ನಿಜ. ಅದರ ಅನೇಕ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಕಾಂಗೋ ದೇಶದ ಗಣಿಗಳದು. ಅಲ್ಲಿ ಮಕ್ಕಳೂ ಅಗೆದಿದ್ದಾರೆ. ಕೋಬಾಲ್ಟಿಲ್ಲದ ಬ್ಯಾಟರಿಗಳು ಬಂದಿರುವುದರಿಂದ ಈ ದೋಷವು ಪರಿಹಾರ್ಯವೆನ್ನಬಹುದು. ಒಂದೇ ತೆನೆಯನ್ನು ತಟ್ಟೆಗೂ ಟ್ಯಾಂಕಿಗೂ ಬಡಿಸುವ ಉಪಾಯ ಮಾತ್ರ ನನಗೆ ತೋರದು.

ನನ್ನ ಮನೆಯಲ್ಲಿಯೂ ಕಾರೊಂದುಂಟು. ಮೊನ್ನೆ ಪೆಟ್ರೋಲು ಹಾಕಿಸುವಾಗ, ಇದರ ಐದರಲ್ಲೊಂದು ಪಾಲು ಯಾವ ಹೊಲದ್ದೆಂದು ಬಂಕಿನ ಹುಡುಗನನ್ನು ಕೇಳಿದೆ. ಅವನು ನಕ್ಕು, ಎಷ್ಟು ಲೀಟರೆಂದನು.